ಗೋಕರ್ಣದಲ್ಲಿ ಏನೂ ಕಾಣಲಿಲ್ಲ ಎಂದ ಹುಡುಗನಿಗೆ

ಓದುಗರ ಪತ್ರ: ಕಳೆದ ರಜೆಯಲ್ಲಿ ಗೋಕರ್ಣಕ್ಕೆ ಹೋಗಿದ್ದೆವು. ಅಲ್ಲಿ ಹೋದ ಮೇಲೆ ಅಂಗಿ ತೆಗೆದು ಪಂಚೆ ಉಡಬೇಕು ಅಂತ ಗೊತ್ತಾಯಿತು, ನಮ್ಮ ಯಜಮಾನರು ಅಂಗಡಿಗೆ ಓಡಿದರು. ಸರದಿಯಲ್ಲಿ ನಿಂತು ಒಳಗೆ ಹೋಗಿ ಬಂದ ಮೇಲೆ ಐದನೇ ಕ್ಲಾಸಿನ ಮಗ "ಏನೂ ಕಾಣಲಿಲ್ಲ, ಮುರುಡೇಶ್ವರವೇ ಚೆನ್ನಾಗಿದೆ" ಅಂದ. ಈಗ ನಮ್ಮ ಆಯಿಗೆ ಪಂಚಕ್ಷೇತ್ರ, ಅಂದರೆ ಗೋಕರ್ಣ, ಮುರುಡೇಶ್ವರ ಸೇರಿದ ಐದು ಶಿವಕ್ಷೇತ್ರ ನೋಡುವ ಆಸೆ. ಬೆಳಿಗ್ಗೆ ಬೇಗ ಹೊರಟರೆ ಒಂದೇ ದಿನದಲ್ಲಿ ಐದೂ ಮುಗಿಸಬಹುದಾ? ಗೋಕರ್ಣದಲ್ಲಿ ಮೊದಲು ಇದು, ಆಮೇಲೆ ಅದು ಅಂತ ಅಷ್ಟೆಲ್ಲ ಕ್ರಮ ಇರಲೇಬೇಕಾ?
– ಓದುಗರು, ಕಾರವಾರ

ಸಂಪಾದಕರ ಉತ್ತರ:

ನಮಸ್ಕಾರ. ಮೊದಲು ನಿಮ್ಮ ಮಗನ ಮಾತಿಗೆ ಬರುತ್ತೇನೆ, ಯಾಕೆಂದರೆ ಅವನು ಸುಳ್ಳು ಹೇಳಿಲ್ಲ. ಗೋಕರ್ಣದಲ್ಲಿ ಕಣ್ಣಿಗೆ ಕಾಣುವುದು ತೀರಾ ಕಡಿಮೆ. ಮಹಾಬಲೇಶ್ವರನ ಆತ್ಮಲಿಂಗ ಸಾಲಿಗ್ರಾಮ ಪೀಠದೊಳಗೆ ಇದೆ. ಪೀಠದ ನಡುವೆ ಒಂದು ಸಣ್ಣ ರಂಧ್ರ, ಅದರಲ್ಲಿ ಲಿಂಗದ ತುದಿ ಮಾತ್ರ. ಬೆರಳು ಇಳಿಸಿದರೆ ಅದು ತಾಗುತ್ತದೆ. ಲಿಂಗ ಪೂರ್ತಿ ಕಾಣುವುದು ಅಷ್ಟಬಂಧದ, ಅಂದರೆ ಲಿಂಗವನ್ನು ಪೀಠಕ್ಕೆ ಹೊಸದಾಗಿ ಬಂಧಿಸುವ ವಿಧಿಯ ಹೊತ್ತಿನಲ್ಲಿ, ಅದೂ ಸುಮಾರು 40 ವರ್ಷಕ್ಕೊಮ್ಮೆ. ಎಷ್ಟೋ ಜನರಿಗೆ ಆಯುಷ್ಯದಲ್ಲಿ ಒಂದು ಸಲ ಸಿಕ್ಕಿದರೆ ಅದೇ ದೊಡ್ಡದು. ಹಾಗಾಗಿ ಇಲ್ಲಿ ದೇವರನ್ನು ತಿಳಿಯುವುದು ಕೈಯಿಂದ. ಭಕ್ತರೇ ಒಳಗೆ ಹೋಗಿ ಲಿಂಗ ಮುಟ್ಟಿ ಪೂಜೆ ಮಾಡುವ ಪದ್ಧತಿ ಹಿಂದಿನಿಂದ ಇದೆ, ಎಷ್ಟೋ ದೊಡ್ಡ ದೇವಸ್ಥಾನಗಳಲ್ಲಿ ಇದು ಕನಸಿನ ಮಾತು ಅಲ್ವಾ? ನೀವು ಹೋದ ದಿನ ಮುಟ್ಟಲು ಬಿಡುತ್ತಾರಾ, ಯಾವ ಸೇವೆಗೆ ಬಿಡುತ್ತಾರೆ ಅಂತ ಕೌಂಟರಿನಲ್ಲೇ ಕೇಳಿಕೊಳ್ಳಿ. ಹುಡುಗನಿಗೆ ಇದನ್ನು ಮೊದಲೇ ಹೇಳಿ ಕರೆದುಕೊಂಡು ಹೋಗಿ. ಒಳಗೆ ಮೂರ್ತಿ ಇರುತ್ತದೆ ಅಂದುಕೊಂಡು ಹೋದವನಿಗೆ ಬೇಜಾರಾಗದೆ ಇನ್ನೇನಾಗುತ್ತದೆ?

ಕ್ರಮದ ವಿಚಾರ. ಸಮುದ್ರ ಸ್ನಾನ, ಆಮೇಲೆ ಕೋಟಿತೀರ್ಥ ಎಂಬ ಕೆರೆ, ಆಮೇಲೆ ಮಹಾಗಣಪತಿ, ಕೊನೆಗೆ ಮಹಾಬಲೇಶ್ವರ. ಸುಮ್ನೆ ಯಾರೋ ಹಾಕಿದ ನಿಯಮದ ಹಾಗೆ ಇದು ಕಾಣಬಹುದು. ಆದರೆ ಸ್ಥಳದ ಕಥೆ ಗೊತ್ತಿದ್ದವರಿಗೆ ದಾರಿಯೇ ಕಥೆ ಹೇಳುತ್ತಾ ಹೋಗುತ್ತದೆ.

ಕಥೆ ಶುರುವಾಗುವುದೇ ಸಮುದ್ರದ ದಂಡೆಯಲ್ಲಿ. ರಾವಣನ ತಾಯಿ ಕೈಕಸೆ ಮರಳಿನಲ್ಲಿ ಲಿಂಗ ಮಾಡಿ ಪೂಜೆ ಮಾಡುತ್ತಿದ್ದಳು, ತೆರೆ ಬಂದು ಅದನ್ನು ಕೊಚ್ಚಿಕೊಂಡು ಹೋಯಿತು. ಅಮ್ಮ ಅಳುವುದನ್ನು ನೋಡಲಾಗದೆ ಮಗ ಕೈಲಾಸಕ್ಕೇ ಹೋಗಿ ತಪಸ್ಸು ಮಾಡಿ ಶಿವನ ಆತ್ಮಲಿಂಗ ತಂದ. ದಾರಿಯಲ್ಲಿ ಎಲ್ಲೂ ನೆಲಕ್ಕೆ ಇಡಬಾರದು ಅಂತ ಶರತ್ತು. ಗೋಕರ್ಣದ ಹತ್ತಿರ ಬಂದಾಗ ವಿಷ್ಣು ಚಕ್ರ ಅಡ್ಡ ಹಿಡಿದು ಸೂರ್ಯನನ್ನು ಮರೆಮಾಡಿದ, ಸಂಜೆಯಾಯಿತು ಅಂತ ರಾವಣ ಸಂಧ್ಯಾವಂದನೆಗೆ ಇಳಿಯಬೇಕಾಯಿತು. ಅಲ್ಲೇ ಇದ್ದ ವಟುವಿನ ಕೈಗೆ ಲಿಂಗ ಕೊಟ್ಟ. ಆ ವಟು ಗಣಪತಿ. ಮೂರು ಸಲ ಕೂಗುತ್ತೇನೆ, ಬರದಿದ್ದರೆ ಇಟ್ಟುಬಿಡುತ್ತೇನೆ ಅಂದ, ಹಾಗೇ ಮಾಡಿದ. ಸಿಟ್ಟಿನಲ್ಲಿ ರಾವಣ ಹುಡುಗನ ತಲೆಗೆ ಗುದ್ದಿದ. ಎರಡು ಕೈಯ, ನಿಂತ ಗಣಪತಿಯ ತಲೆಯ ಮೇಲೆ ಇರುವ ಕುಳಿ ಆ ಗುದ್ದಿನದೇ ಅಂತ ನಮ್ಮ ಕಡೆ ಎಲ್ಲರೂ ತೋರಿಸುತ್ತಾರೆ. ಹೊಡೆತ ತಿಂದು ಲಿಂಗ ಉಳಿಸಿಕೊಟ್ಟವನಿಗೆ ಮೊದಲ ಪೂಜೆ, ಅದಕ್ಕೇ ಗಣಪತಿಯನ್ನು ಬಿಟ್ಟು ನೇರ ಮಹಾಬಲೇಶ್ವರನ ಹತ್ತಿರ ಹೋಗುವುದಿಲ್ಲ. ರಾವಣ ಎಷ್ಟು ಎಳೆದರೂ ಲಿಂಗ ಏಳಲಿಲ್ಲ, ಆದ್ದರಿಂದ ಮಹಾಬಲ.

ಈ ಕಥೆಯನ್ನು ನೀವು ಹೇಳಬೇಡಿ, ಆಯಿಗೆ ಬಿಡಿ. ಅದೂ ಕಾರಿನಲ್ಲಿ ಬೇಡ, ದಂಡೆಯ ಮೇಲೆ ಕೂತು ಹೇಳಲಿ. ರಾಕ್ಷಸ ಅಂತ ಕೇಳಿಕೊಂಡೇ ಬೆಳೆದ ರಾವಣ ಇಲ್ಲಿ ತಾಯಿಗಾಗಿ ಹೊರಟ ಮಗ. ಮಕ್ಕಳಿಗೆ ಆ ಭಾಗ ಹಿಡಿಸುತ್ತದೆ. ಆಮೇಲೆ ಕೋಟಿತೀರ್ಥಕ್ಕೆ ನಡೆದುಕೊಂಡೇ ಹೋಗಿ, ಕೆರೆಯ ಸುತ್ತ ಹಳೆ ಮನೆಗಳು, ಸಣ್ಣ ಸಣ್ಣ ಗುಡಿಗಳು, ಪಿತೃಕಾರ್ಯಕ್ಕೆ ದೂರದಿಂದ ಬಂದ ಜನ. ಅಲ್ಲಿಂದ ರಥಬೀದಿ. ಹಾಲಕ್ಕಿ ಹೆಂಗಸರು ಹೂವು, ತರಕಾರಿ ಇಟ್ಟುಕೊಂಡು ಕೂತಿರುತ್ತಾರೆ. ಹೂವು ಅವರ ಹತ್ತಿರವೇ ತೆಗೆದುಕೊಳ್ಳಿ.

ಇದು ನಮ್ಮ ಜಿಲ್ಲೆಯವರ ಹೆಮ್ಮೆ ಅಷ್ಟೇ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಕಾಳಿದಾಸನ ರಘುವಂಶದಲ್ಲಿ ನಾರದರು ವೀಣೆ ಹಿಡಿದು ಆಕಾಶದಲ್ಲಿ ಹೊರಟಿರುವುದು ಗೋಕರ್ಣದ ಶಿವನ ಸೇವೆಗೆ. ಅವರ ವೀಣೆಯ ಹೂಮಾಲೆ ಜಾರಿ ಬಿದ್ದೇ ರಾಮನ ಅಜ್ಜ ಅಜನ ಹೆಂಡತಿ ಇಂದುಮತಿ ಸಾಯುತ್ತಾಳೆ. ತಮಿಳಿನ ಶಿವಭಕ್ತರಾದ ಅಪ್ಪರ್ ಮತ್ತು ಸಂಬಂಧರ್ 7ನೇ ಶತಮಾನದಲ್ಲೇ ಗೋಕರ್ಣವನ್ನು ಹಾಡಿದ್ದಾರೆ. ಅಷ್ಟು ದೂರದ ಜನರಿಗೆ ಅಷ್ಟು ಹಿಂದೆಯೇ ಗೊತ್ತಿದ್ದ ಊರು ನಿಮ್ಮ ಮನೆಯಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರ.

ಪಂಚೆಯ ಬಗ್ಗೆ ಎರಡೇ ಮಾತು. ಮನೆಯಿಂದಲೇ ಒಯ್ಯಿರಿ, ಹುಡುಗನಿಗೂ ಒಂದು ಸಣ್ಣದು ಇರಲಿ. ಹೆಂಗಸರಿಗೆ ಸೀರೆ, ಚೂಡಿದಾರ ಆಗುತ್ತದೆ. ಅಂಗಿ ತೆಗೆದು ಹೋಗುವ ರೂಢಿ ನನಗಂತೂ ಇಷ್ಟ. ದುಬಾರಿ ಅಂಗಿಯವನೂ ಕೂಲಿಯವನೂ ಸರದಿಯಲ್ಲಿ ಒಂದೇ ಹಾಗೆ ನಿಂತಿರುತ್ತಾರೆ.

ಈಗ ಐದು ಕ್ಷೇತ್ರದ ಲೆಕ್ಕ. ಲಿಂಗ ಏಳದಿದ್ದಾಗ ರಾವಣ ಸಿಟ್ಟಿನಲ್ಲಿ ಅದರ ಪೆಟ್ಟಿಗೆ, ಮುಚ್ಚಳ, ಕಟ್ಟಿದ ದಾರ, ಹೊದೆಸಿದ ಬಟ್ಟೆ ಎಲ್ಲವನ್ನೂ ಎಸೆದನಂತೆ. ಪೆಟ್ಟಿಗೆ ಬಿದ್ದದ್ದು ಸಜ್ಜೇಶ್ವರದಲ್ಲಿ, ಮುಚ್ಚಳ ಗುಣವಂತೆಯಲ್ಲಿ, ದಾರ ಧಾರೇಶ್ವರದಲ್ಲಿ, ಬಟ್ಟೆ ಮುರುಡೇಶ್ವರದಲ್ಲಿ. ಗೋಕರ್ಣ ಸೇರಿ ಐದು. ಐದೂ ನಮ್ಮ ಜಿಲ್ಲೆಯಲ್ಲೇ ಇವೆ. ಕಾರವಾರದಿಂದ ಮುರುಡೇಶ್ವರಕ್ಕೆ ನೂರು ಕಿಲೋಮೀಟರಿಗೂ ಜಾಸ್ತಿ, ಹೆದ್ದಾರಿ 66ರಲ್ಲಿ ಗಾಡಿ ಓಡಿಸಿದರೆ ಒಂದು ದಿನದಲ್ಲಿ ಆಗದೇ ಇರುವುದಿಲ್ಲ. ಆದರೆ ದಯವಿಟ್ಟು ಹಾಗೆ ಮಾಡಬೇಡಿ. ಮಧ್ಯಾಹ್ನ ಗೋಕರ್ಣದಲ್ಲಿ ಬಾಗಿಲು ಹಾಕುತ್ತಾರೆ, ಆ ಹೊತ್ತಿಗೆ ತಲುಪಬೇಕು ಅಂತ ಓಡಿದರೆ ದಂಡೆಯೂ ಇಲ್ಲ, ಕೋಟಿತೀರ್ಥವೂ ಇಲ್ಲ. ವಯಸ್ಸಾದ ಆಯಿಯನ್ನು ಐದು ಸಲ ಕಾರಿನಿಂದ ಇಳಿಸಿ ಹತ್ತಿಸಿದ್ದಷ್ಟೇ ನೆನಪಿನಲ್ಲಿ ಉಳಿಯುತ್ತದೆ.

ನನ್ನ ಸಲಹೆ ಹೀಗೆ. ಸಜ್ಜೇಶ್ವರ ಇರುವ ಶೇಜವಾಡ ನಿಮ್ಮ ಊರಿನ ಪಕ್ಕದಲ್ಲೇ ಇದೆ, ಅದನ್ನು ಯಾವುದೋ ಒಂದು ಸೋಮವಾರ ಸಂಜೆ ಬೇರೆಯಾಗಿ ನೋಡಿ. ಗೋಕರ್ಣಕ್ಕೆ ಒಂದು ಪೂರ್ತಿ ದಿನ ಕೊಡಿ, ಆಗುವುದಾದರೆ ರಾತ್ರಿ ಅಲ್ಲೇ ಉಳಿಯಿರಿ. ಮರುದಿನ ಕುಮಟಾ ದಾಟಿ ಧಾರೇಶ್ವರ, ಹೊನ್ನಾವರ ದಾಟಿ ಗುಣವಂತೆ, ಕೊನೆಗೆ ಮುರುಡೇಶ್ವರ. ಗೋಕರ್ಣದ ಶಿವರಾತ್ರಿಯ ರಥೋತ್ಸವ ನೋಡಬೇಕಾದದ್ದೇ, ರಥಕ್ಕೆ ಬಾಳೆಹಣ್ಣು ಎಸೆಯುವ ಆ ಜನಸಾಗರದ ಸಡಗರವೇ ಬೇರೆ, ಆದರೆ ಆಯಿ ಜೊತೆಗಿರುವಾಗ ಬೇಡ.

ಗುಣವಂತೆಯಲ್ಲಿ ಸ್ವಲ್ಪ ಹೆಚ್ಚು ಹೊತ್ತು ಇರಿ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಯಕ್ಷಗಾನ ಮೇಳದ ಕಲಿಕೆಯ ಕೇಂದ್ರ ಅದೇ ಊರಿನಲ್ಲಿದೆ. ಮೇಳಕ್ಕೆ ಇಡಗುಂಜಿ ಗಣಪತಿಯದೇ ಹೆಸರು, ಆ ದೇವಸ್ಥಾನವೂ ದೂರವಿಲ್ಲ. ರಾವಣ ಎಸೆದ ಮುಚ್ಚಳ ಬಿದ್ದ ಊರಿನಲ್ಲೇ ರಾವಣನ ವೇಷ ಕಟ್ಟಿ ಕುಣಿಯಲು ಕಲಿಸುತ್ತಾರೆ ಅಂದರೆ ನಿಮ್ಮ ಮಗನ ಕಣ್ಣು ಅರಳದೇ ಇರುತ್ತದಾ?

ಮುರುಡೇಶ್ವರ ಚೆನ್ನಾಗಿದೆ ಅಂದದ್ದಕ್ಕೆ ಅವನನ್ನು ಬೈಯಬೇಡಿ. 123 ಅಡಿಯ ಶಿವ, 20 ಅಂತಸ್ತಿನ ರಾಜಗೋಪುರ, ಮೂರು ಕಡೆ ಸಮುದ್ರ, ಮೇಲೆ ಹೋಗಲು ಲಿಫ್ಟು, ಯಾವ ಮಗುವಿಗೆ ಬೇಡ? ಅಲ್ಲಿನ ಗುಡಿಯೊಳಗೂ ಕರೆದುಕೊಂಡು ಹೋಗಿ. ಎಷ್ಟೋ ಜನ ಮೂರ್ತಿಯ ಮುಂದೆ ಫೋಟೋ ತೆಗೆಸಿಕೊಂಡು ದೇವರನ್ನು ನೋಡದೆಯೇ ವಾಪಸ್ ಬರುತ್ತಾರೆ, ಅದು ನನಗೆ ನಿಜವಾಗಿ ನೋವಿನ ವಿಷಯ.

ಇನ್ನೊಂದು. ಮಳೆಗಾಲದಲ್ಲಿ ಹೊರಡುವುದಾದರೆ ಸಮುದ್ರಕ್ಕೆ ಇಳಿಯಬೇಡಿ, ತಲೆಗೆ ನೀರು ಚಿಮುಕಿಸಿಕೊಂಡರೆ ಸಾಕು. ಧಾರೇಶ್ವರ, ಗುಣವಂತೆಗಳಲ್ಲಿ ಗೋಕರ್ಣದಷ್ಟು ಜನ ಇರುವುದಿಲ್ಲ, ಪೂಜೆಯ ಹೊತ್ತು ಯಾವುದು ಅಂತ ಮೊದಲೇ ವಿಚಾರಿಸಿಕೊಂಡು ಹೋಗಿ, ಅಲ್ಲಿಯವರೆಗೆ ಹೋಗಿ ಮುಚ್ಚಿದ ಬಾಗಿಲಿಗೆ ಕೈಮುಗಿದು ಬರುವ ಹಾಗೆ ಆಗದಿರಲಿ.