ಸಂಪಾದಕರ ಉತ್ತರ: ಬೈಲಕುಪ್ಪೆಯ ಎಕರೆ ಲೆಕ್ಕ

ಪಿರಿಯಾಪಟ್ಟಣ ತಾಲ್ಲೂಕಿನ ಓದುಗರೊಬ್ಬರು ಬೈಲಕುಪ್ಪೆಯ ಟಿಬೆಟನ್ ನಿರಾಶ್ರಿತರ ನೆಲೆಯ ಏಳಿಗೆಯ ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ ಹೀಗೆ ಬರೆದಿದ್ದಾರೆ: “ನಮ್ಮ ಹಳ್ಳಿಗಳಿಗೆ ಸಿಗದ ಜಮೀನು, ವಿದೇಶಿ ನೆರವು ಟಿಬೆಟನ್ನರಿಗೆ ಸಿಕ್ಕಿತು. ಅಷ್ಟು ಹಣ ಸುರಿದರೆ ಯಾರು ತಾನೇ ಏಳಿಗೆ ಹೊಂದುವುದಿಲ್ಲ? ಇದರಲ್ಲಿ ಮಾನವಶಾಸ್ತ್ರಜ್ಞರು ಕಂಡುಹಿಡಿಯುವುದೇನಿದೆ? ನಿಮ್ಮ ಲೇಖನದಲ್ಲಿ ನಮ್ಮವರ ಒಂದು ಮಾತಾದರೂ ಇದೆಯೇ?”

ಮಾನ್ಯರೇ,

ನಿಮ್ಮ ಅಸಮಾಧಾನವನ್ನು ಹೊಟ್ಟೆಕಿಚ್ಚು ಎಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಹಾಗೆಂದು ಹಣ ಸುರಿದರೆ ಏಳಿಗೆ ತಾನಾಗಿ ಬರುತ್ತದೆ ಎಂಬ ಮಾತನ್ನೂ ಒಪ್ಪಲಾರೆ. 1959ರಲ್ಲಿ ದಲೈ ಲಾಮಾ ಅವರ ಬೆನ್ನಿಗೆ ಗಡಿ ದಾಟಿದವರಲ್ಲಿ ಸಾವಿರಾರು ಮಂದಿ ಹಿಮಾಲಯದ ರಸ್ತೆ ಕಾಮಗಾರಿಗಳಲ್ಲಿ ಕಲ್ಲು ಒಡೆದು ದಿನ ನೂಕುತ್ತಿದ್ದಾಗ, ಆಗಿನ ಮೈಸೂರು ರಾಜ್ಯ ಸರ್ಕಾರ ಅವರಿಗೆ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟಿತು. ಕೊಟ್ಟದ್ದು ಉಳುವ ಹೊಲವಲ್ಲ, ಕಾಡು. ತಂಪು ಬೆಟ್ಟಗಳಲ್ಲಿ ಯಾಕ್ ಮೇಯಿಸಿ, ಬಾರ್ಲಿ ಬೆಳೆದು, ಅದರ ಹುರಿಹಿಟ್ಟನ್ನು ಬೆಣ್ಣೆ ಚಹದಲ್ಲಿ ಕಲಸಿ ತಿನ್ನುತ್ತಿದ್ದವರು ಇಲ್ಲಿನ ಬಿಸಿಲಿನಲ್ಲಿ ಮರ ಕಡಿದು, ಬೊಡ್ಡೆ ಕಿತ್ತು, ಆನೆಗಳನ್ನು ಕಾದು ಮುಸುಕಿನ ಜೋಳ ಬೆಳೆಯುವುದನ್ನು ಕಲಿಯಬೇಕಾಯಿತು.

1960ರ ದಶಕದಲ್ಲಿ ಇಲ್ಲೇ ಇದ್ದು ಅಧ್ಯಯನ ಮಾಡಿದ ಅಮೆರಿಕದ ಮಾನವಶಾಸ್ತ್ರಜ್ಞ ಮೆಲ್ವಿನ್ ಗೋಲ್ಡ್‌ಸ್ಟೀನ್ ನೆರವಿನ ಮೊತ್ತದ ಜೊತೆಗೆ ಇನ್ನೊಂದನ್ನು ಗಮನಿಸಿದರು: ಭಾರತ ಈ ಜನರನ್ನು ಸುತ್ತಲಿನ ಸಮಾಜದಲ್ಲಿ ಕರಗಿಸಲು ಹೊರಡದೆ, ಅವರದೇ ಆಡಳಿತಕ್ಕೆ ಎಡೆ ಬಿಟ್ಟಿತು. ನನ್ನ ದೃಷ್ಟಿಯಲ್ಲಿ ಬೈಲಕುಪ್ಪೆಯ ಗುಟ್ಟು ಇಲ್ಲಿದೆ. ಬೀಜ, ಟ್ರ್ಯಾಕ್ಟರು, ಸಹಕಾರ ಸಂಘ, ಶಾಲೆ ಎಲ್ಲವೂ ಬಂದದ್ದು ತಮ್ಮ ಭಾಷೆಯಾಡುವ, ತಾವು ನಂಬುವ ಹಿರಿಯರ ಮೂಲಕ. ಯಾವ ನೆರವಿನ ಯೋಜನೆಯೂ ಹೇಳಿಕೊಡದ ಸ್ವೆಟರ್ ವ್ಯಾಪಾರವನ್ನು ಅವರೇ ಕಟ್ಟಿಕೊಂಡರು. ಜೋಳದ ಕೊಯ್ಲು ಮುಗಿಸಿ, ಲುಧಿಯಾನದಿಂದ ಸಾಲಕ್ಕೆ ಸರಕು ತಂದು, ಚಳಿಗಾಲವಿಡೀ ದೂರದ ಊರುಗಳ ರಸ್ತೆ ಬದಿಯಲ್ಲಿ ಮಾರಿ, ಸಾಲ ತೀರಿಸಿ, ಉತ್ತು ಬಿತ್ತುವ ಹೊತ್ತಿಗೆ ಹೊಲಕ್ಕೆ ಮರಳುವ ವ್ಯಾಪಾರ ಅದು.

ಆದರೆ ಅವರನ್ನು ಒಟ್ಟಾಗಿ ಉಳಿಸಿದ ಆ ಏರ್ಪಾಡೇ ಬೇಲಿಯೂ ಆಯಿತು. ಆಚೆ ಬದಿಯಲ್ಲಿ ನಿಂತ ಸ್ಥಳೀಯ ಭೂಹೀನರು ಅದೇ ಹೊಲಗಳಿಗೆ ಕೂಲಿಗೆ ಹೋದರು. ನಿಮ್ಮ ಪತ್ರದ ಸಿಟ್ಟಿನ ಬೇರು ಅಲ್ಲಿದೆ ಎಂದು ತೋರುತ್ತದೆ.

ಏಳಿಗೆ ಎಂಬ ಮಾತಿಗೂ ಒಂದು ತಿದ್ದುಪಡಿ ಬೇಕು. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಇಲ್ಲಿಯೇ ಹುಟ್ಟಿ ಬೆಳೆದ ಅನೇಕರು ಇಂದಿಗೂ ವಿದೇಶಿಯರಿಗೆ ಕೊಡುವ ನೋಂದಣಿ ಪ್ರಮಾಣಪತ್ರವನ್ನು ನವೀಕರಿಸುತ್ತಾ ಬದುಕುತ್ತಿದ್ದಾರೆ, ಉಳುವ ನೆಲಕ್ಕೆ ಒಡೆಯರಲ್ಲ. ಓದಿದ ಮಕ್ಕಳು ಯುರೋಪು, ಅಮೆರಿಕಗಳಿಗೆ ಹೊರಟಿದ್ದಾರೆ. ಬೈಲಕುಪ್ಪೆಯ ಸುವರ್ಣ ದೇವಾಲಯದ ಮುಂದೆ ಫೋಟೊ ತೆಗೆಸಿಕೊಳ್ಳುವ ನಮ್ಮ ಪ್ರವಾಸಿಗರಿಗೆ, ಅಜ್ಜ ಅಜ್ಜಿಯರಷ್ಟೇ ಉಳಿದ ಮನೆಗಳು ಕಾಣುವುದಿಲ್ಲ.

ಅಕ್ಕಪಕ್ಕದ ಹಳ್ಳಿಗಳವರ ಮಾತು ಲೇಖನದಲ್ಲಿ ಒಂದು ಸಾಲೂ ಇರಲಿಲ್ಲ ಎಂಬ ನಿಮ್ಮ ಆಕ್ಷೇಪ ಸರಿ. ಅದು ಲೇಖಕರದಲ್ಲ, ಪ್ರಕಟಣೆಗೆ ಒಪ್ಪಿದ ನನ್ನ ತಪ್ಪು. ಆ ಹೊಲಗಳಲ್ಲಿ ದುಡಿದ ಹಿರಿಯರು ನಿಮ್ಮೂರಿನಲ್ಲಿದ್ದರೆ ಅವರು ಹೇಳುವುದನ್ನು ಬರೆದು ಕಳುಹಿಸಿ, ಅವರ ಮಾತಿನಲ್ಲೇ ಅಚ್ಚು ಹಾಕುತ್ತೇವೆ.

— ಸಂಪಾದಕ