ಬಣ್ಣ ಹಾಕಿದ ಪ್ರಾಂಪ್ಟ್ ಲೆಕ್ಕ ತಪ್ಪುವುದೇಕೆ?

ಪ್ರಶ್ನೆ: ಲಿನಕ್ಸ್‌ನಲ್ಲಿ ಕಮಾಂಡ್ ಓಡಿಸುವ ಬ್ಯಾಶ್ ಪ್ರೋಗ್ರಾಂನ ಪ್ರಾಂಪ್ಟ್‌ಗೆ (ಕಮಾಂಡ್ ಟೈಪ್ ಮಾಡುವ ಜಾಗದ ಎಡಕ್ಕೆ ಕಾಣುವ ಬರಹ) ಹಸಿರು ಬಣ್ಣ ಹಾಕಿಕೊಂಡಿದ್ದೇನೆ. ಉದ್ದದ ಕಮಾಂಡ್ ಟೈಪ್ ಮಾಡಿದರೆ ಕೆಳಗಿನ ಸಾಲಿಗೆ ಇಳಿಯದೆ, ಅದೇ ಸಾಲಿನ ಶುರುವಿಗೆ ಬಂದು ಪ್ರಾಂಪ್ಟ್ ಮೇಲೇ ಬರೆಯುತ್ತದೆ. ಲ್ಯಾಪ್‌ಟಾಪ್ ಕೆಟ್ಟಿದೆಯಾ ಸರ್?
— ಡಿಪ್ಲೊಮಾ ವಿದ್ಯಾರ್ಥಿನಿ, ಗಂಗಾವತಿ

ಉತ್ತರ: ಲ್ಯಾಪ್‌ಟಾಪ್‌ಗೆ ಏನೂ ಆಗಿಲ್ಲ ತಂಗಿ. ತಪ್ಪಿರುವುದು ಎಣಿಕೆ.

ನಿಮ್ಮೂರಿನ ರೈಸ್ ಮಿಲ್ ನೋಡಿರುತ್ತೀರಿ ಅಲ್ವಾ? ನಮ್ಮಪ್ಪ ಅಲ್ಲೇ ಒಂದು ಮಿಲ್‌ನಲ್ಲಿ ಗುಮಾಸ್ತರಾಗಿದ್ದರು. ಗೇಟಿನ ಬಳಿ ಕೂತು, ಹಮಾಲರು ಚೀಲ ಹೊತ್ತು ದಾಟಿದ ಹಾಗೆಲ್ಲ ಪುಸ್ತಕದಲ್ಲಿ ಗೀಟು ಎಳೆಯುತ್ತಿದ್ದರು. ನಾಲ್ಕು ನಿಂತ ಗೀಟು, ಐದನೆಯದು ಅಡ್ಡಗೀಟು. ಲಾರಿ ಗೋಡೆಯ ಆಚೆ, ಅವರ ಕಣ್ಣಿಗೆ ಬೀಳುತ್ತಿರಲಿಲ್ಲ. ಸುಮ್ನೆ ಹಗ್ಗ ಹಿಡಿದು ದಾಟಿದ 9 ಜನಕ್ಕೂ ಗೀಟು ಹಾಕಿದರೆ ಏನಾಗುತ್ತದೆ? ಪುಸ್ತಕದಲ್ಲಿ 80, ಲಾರಿಯಲ್ಲಿ 71.

ಬ್ಯಾಶ್ ಕೂತಿರುವುದೂ ಗೇಟಿನಲ್ಲೇ. ಪರದೆ ಅದಕ್ಕೆ ಕಾಣುವುದಿಲ್ಲ. ತಾನು ಕಳಿಸಿದ ಅಕ್ಷರ ಎಣಿಸಿಕೊಂಡು ಕರ್ಸರ್ ಇಲ್ಲಿದೆ ಅಂದುಕೊಳ್ಳುತ್ತದೆ. ಹಸಿರು ಬಣ್ಣದ ಕೋಡ್ ಅಂದರೆ ಎಸ್ಕೇಪ್ (ಕಾಣದಿದ್ದರೂ ಇದು ಒಂದು ಅಕ್ಷರ), [, 3, 2, ಎಂ: ಒಟ್ಟು 5 ಅಕ್ಷರ. ಬಣ್ಣ ತೆಗೆಯುವ ಕೋಡ್ ಎಸ್ಕೇಪ್, [, 0, ಎಂ: 4. ಈ 9ರಲ್ಲಿ ಒಂದೂ ಪರದೆಯಲ್ಲಿ ಜಾಗ ಹಿಡಿಯುವುದಿಲ್ಲ. ಹಾಗಾಗಿ ಸಾಲು ತುಂಬಲು ಇನ್ನೂ 9 ಮನೆ ಇರುವಾಗಲೇ ಬ್ಯಾಶ್ ತುಂಬಿತು ಅಂದುಕೊಂಡು ಕರ್ಸರನ್ನು ಎಡತುದಿಗೆ ಒಯ್ಯುತ್ತದೆ.

ಇದನ್ನು ಚಿಕ್ಕದೆಂದು ಬಿಡಬೇಡಿ. ಬಳ್ಳಾರಿಯಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಇಂಥದೇ ಪ್ರಾಂಪ್ಟ್‌ನಲ್ಲಿ ಹಳೆಯ ಕಮಾಂಡ್ ತಿದ್ದಿ ಎಂಟರ್ ಒತ್ತಿದೆ. ಪರದೆಯಲ್ಲಿ ಕಂಡಿದ್ದು ಒಂದು, ಓಡಿದ್ದು ಇನ್ನೊಂದು. ಒಂದು ವಾರದ ಬಿಲ್ ಫೈಲುಗಳು ಅಳಿಸಿಹೋದವು. ಅವನ್ನು ಮತ್ತೆ ಟೈಪ್ ಮಾಡಲು ಎರಡು ರಾತ್ರಿ ಹಿಡಿಯಿತು.

ಕರ್ಸರ್ ಎಲ್ಲಿದೆ ಅಂತ ಟರ್ಮಿನಲನ್ನೇ, ಅಂದರೆ ಅಕ್ಷರ ತೋರಿಸುವ ಆ ಕಿಟಕಿಯನ್ನೇ, ಕೇಳಬಹುದಲ್ಲ? ಕೇಳಬಹುದು. ಎಸ್ಕೇಪ್, [, 6, ಎನ್ ಕಳಿಸಿದರೆ ಸಾಲು ಮತ್ತು ಕಾಲಂ ಸಂಖ್ಯೆ ವಾಪಸ್ ಬರುತ್ತದೆ. ಆದರೆ ಆ ಉತ್ತರ ಬರುವುದು ನೀವು ಟೈಪ್ ಮಾಡಿದ ಅಕ್ಷರಗಳು ಬರುವ ದಾರಿಯಲ್ಲೇ. ಎರಡೂ ಬೆರೆತರೆ ಬೇರ್ಪಡಿಸುವ ತಾಪತ್ರಯ ಜಾಸ್ತಿ. ಅದಕ್ಕೇ ಪ್ರೋಗ್ರಾಂಗಳು ತಮ್ಮ ಲೆಕ್ಕ ತಾವೇ ಇಟ್ಟುಕೊಳ್ಳುತ್ತವೆ.

ನೀವು ಮಾಡಬೇಕಾದದ್ದು ಇಷ್ಟೇ. ಪ್ರಾಂಪ್ಟ್ ಹೇಗಿರಬೇಕೆಂದು ಬರೆದಿಡುವ ಪಿಎಸ್1ನಲ್ಲಿ (PS1) ಪ್ರತಿ ಬಣ್ಣದ ಕೋಡಿನ ಮುಂಚೆ \[ ಹಾಕಿ, ಕೋಡ್ ಮುಗಿದ ಕೂಡಲೇ \] ಹಾಕಿ. ಇವೆರಡರ ನಡುವಿನದಕ್ಕೆ ಬ್ಯಾಶ್ ಗೀಟು ಎಳೆಯುವುದಿಲ್ಲ. ಆದರೆ ಕಾಣುವ ಅಕ್ಷರಗಳನ್ನು ಇವುಗಳ ಒಳಗೆ ಸೇರಿಸಬೇಡಿ, ಆಗ ಲೆಕ್ಕ ಉಲ್ಟಾ ತಪ್ಪುತ್ತದೆ. ಆಮೇಲೆ ಹೊಸ ಟರ್ಮಿನಲ್ ತೆರೆದು ಯಾವುದಾದರೂ ಒಂದು ಅಕ್ಷರದ ಕೀ ಒತ್ತಿ ಹಿಡಿಯಿರಿ. ಬಲತುದಿ ಮುಟ್ಟಿದ ಮೇಲೆ ಅದು ಕೆಳಗಿನ ಸಾಲಿಗೆ ಇಳಿಯಬೇಕು.