ಬೆಥೋವನ್‌ನ ನಾಲ್ಕನೇ ಕಾನ್ಚೆರ್ಟೊ: ಯಾರು ನುಡಿಸಿದ್ದನ್ನು ಕೇಳಲಿ?

ಪ್ರಶ್ನೆ: ನಾನು ಕರ್ನಾಟಕ ಸಂಗೀತ ಕೇಳಿ ಬೆಳೆದವನು. ಈಚೆಗೆ ಪಿಯಾನೊ ರುಚಿ ಹತ್ತಿದೆ. ಬೆಥೋವನ್‌ನ ನಾಲ್ಕನೇ ಪಿಯಾನೊ ಕಾನ್ಚೆರ್ಟೊ (ಪಿಯಾನೊ ಮತ್ತು ಆರ್ಕೆಸ್ಟ್ರಾ, ಅಂದರೆ ದೊಡ್ಡ ವಾದ್ಯವೃಂದ, ಸೇರಿ ನುಡಿಸುವ ಕೃತಿ) ಅಂತ ಫೋನಿನಲ್ಲಿ ಹುಡುಕಿದರೆ ರಾಶಿ ರೆಕಾರ್ಡಿಂಗ್‌ಗಳು ಬರುತ್ತವೆ. ಯಾವುದನ್ನು ಆರಿಸಲಿ? ಹಾಗೇ, ಮೈಸೂರು ಮಹಾರಾಜರಿಗೆ ಅರ್ಪಿಸಿದ ಒಂದು ಕಾನ್ಚೆರ್ಟೊ ಇದೆಯಂತೆ, ನಿಜವೇ?

ಉತ್ತರ: ಒಂದೇ ಕೀರ್ತನೆಯನ್ನು ನಾಲ್ಕು ಜನ ಹಾಡಿದ್ದರೆ ನೀವು ಹೇಗೆ ಆರಿಸುತ್ತೀರಿ? ಪಲ್ಲವಿ ಎತ್ತಿಕೊಂಡ ರೀತಿಯಲ್ಲೇ ಅರ್ಧ ಗೊತ್ತಾಗುತ್ತದೆ, ಅಲ್ವಾ? ಇಲ್ಲೂ ಅದೇ ಉಪಾಯ ಸಾಕು. ಪೂರ್ತಿ ಕೃತಿಗೆ ಅರ್ಧ ಗಂಟೆಗಿಂತ ಜಾಸ್ತಿ ಬೇಕು. ಮೊದಲ ಒಂದು ನಿಮಿಷವನ್ನಷ್ಟೇ ಮೂರು ಜನರ ಕೈಯಲ್ಲಿ ಕೇಳಿ.

ಈ ಕಾನ್ಚೆರ್ಟೊ ಶುರುವಾಗುವುದೇ ಪಿಯಾನೊ ಒಂದರಿಂದ, ಮೆಲ್ಲಗೆ, ಬರೀ ಐದು ಬಾರ್ (ನಮ್ಮ ತಾಳದ ಐದು ಆವರ್ತ ಅನ್ನಿ). ಆಮೇಲೆ ತಂತಿವಾದ್ಯಗಳು ಇನ್ನೂ ಮೆಲ್ಲಗೆ ಬರುತ್ತವೆ, ಅದೂ ಬೇರೆ ಸ್ವರವನ್ನು ಆಧಾರ ಮಾಡಿಕೊಂಡು. ಯಾರೋ ಶ್ರುತಿಪೆಟ್ಟಿಗೆಯನ್ನೇ ಬದಲಾಯಿಸಿಟ್ಟ ಹಾಗಿರುತ್ತದೆ. ಅಲ್ಲಿ ನಿಮಗೆ ಮೈ ಜುಮ್ಮೆನ್ನಬೇಕು. ಸುಮ್ನೆ ದಾಟಿ ಹೋಯಿತು ಅನ್ನಿಸಿದರೆ ಆ ರೆಕಾರ್ಡಿಂಗ್ ನಿಮ್ಮದಲ್ಲ. (ಆಮೇಲೆ ಸುಮಾರು ಎರಡೂವರೆ ನಿಮಿಷ ಪಿಯಾನೊ ಬಾಯೇ ಬಿಡುವುದಿಲ್ಲ. ಫೋನ್ ಕೆಟ್ಟಿತು ಅಂದುಕೊಳ್ಳಬೇಡಿ!)

ನಾನಾದರೆ ವಿಲ್ಹೆಲ್ಮ್ ಕೆಂಪ್ಫ್‌ನಿಂದ ಶುರುಮಾಡುತ್ತೇನೆ. ಅವರದು ಹಗುರವಾದ ಕೈ, ಹಾಡುವಂಥ ನಾದ. ಒಂದು ವಿಚಿತ್ರವೂ ಇದೆ. ಆರ್ಕೆಸ್ಟ್ರಾ ನಿಂತು ಪಿಯಾನೊ ಒಂದೇ ನುಡಿಯುವ ಕಡೆ, ಅಂದರೆ ಕಡೆಂಜಾದಲ್ಲಿ, ಹೆಚ್ಚಿನವರು ಬೆಥೋವನ್ ಬರೆದಿಟ್ಟದ್ದನ್ನೇ ನುಡಿಸುತ್ತಾರೆ. ಕೆಂಪ್ಫ್ ತಾವೇ ಬರೆದುಕೊಂಡದ್ದನ್ನು ನುಡಿಸುತ್ತಾರೆ. ಕೆಲವರಿಗೆ ಇದು ಸಿಟ್ಟು ತರಿಸುತ್ತದೆ. ನನಗೆ ಖುಷಿಯೇ.

ಹುಡುಕುವಾಗ ಒಂದು ಎಚ್ಚರ. ಕೆಂಪ್ಫ್ ಬರ್ಲಿನ್ ಫಿಲ್ಹಾರ್ಮೋನಿಕ್ ಜೊತೆಗೇ ಇದನ್ನು ಎರಡು ಸಲ ರೆಕಾರ್ಡ್ ಮಾಡಿದ್ದಾರೆ. 1953ರ ಮೊನೊದಲ್ಲಿ ಕಂಡಕ್ಟರ್ (ಆರ್ಕೆಸ್ಟ್ರಾ ನಡೆಸುವವರು) ವಾನ್ ಕೆಂಪೆನ್, 1961ರ ಸ್ಟೀರಿಯೊದಲ್ಲಿ ಲೈಟ್ನರ್. ಆದ್ದರಿಂದ ಕಂಡಕ್ಟರ್ ಹೆಸರು ನೋಡಿಯೇ ಒತ್ತಿ. ಆ್ಯಪ್‌ನಲ್ಲಿ ಕಾಣುವ ಇಸವಿಯನ್ನು ನಂಬಬೇಡಿ, ಎಷ್ಟೋ ಸಲ ಅದು ಮರುಬಿಡುಗಡೆಯ ವರ್ಷ. ಮೊದಲಿಗೆ 1961ರದ್ದು ಸಾಕು.

ಎರಡನೆಯದು ಲಿಯಾನ್ ಫ್ಲೈಶರ್, ಜಾರ್ಜ್ ಸೆಲ್ ನಡೆಸಿದ ಕ್ಲೀವ್‌ಲ್ಯಾಂಡ್ ಆರ್ಕೆಸ್ಟ್ರಾ ಜೊತೆ, 1959. ಇಲ್ಲಿ ಎಲ್ಲ ಬಿಗಿ, ಒಂದು ಎಳೆಯೂ ಸಡಿಲವಿಲ್ಲ. ಇದನ್ನು ಕೇಳುವಾಗ ನೇರ ಎರಡನೇ ಭಾಗಕ್ಕೆ ಹೋಗಿ. ತಂತಿವಾದ್ಯಗಳೆಲ್ಲ ಒಟ್ಟಿಗೆ ಗದರುತ್ತವೆ, ಪಿಯಾನೊ ತಣ್ಣಗೆ ಉತ್ತರ ಕೊಡುತ್ತದೆ. ಗದರಿಕೆ ಕಡಿಮೆಯಾಗುತ್ತಾ ಆಗುತ್ತಾ ಕೊನೆಗೆ ಪಿಸುಮಾತಾಗುತ್ತದೆ. ಆರ್ಕೆಸ್ಟ್ರಾ ಬರೀ ಪಕ್ಕವಾದ್ಯವಲ್ಲ ಅಂತ ಗೊತ್ತಾಗುವುದು ಇಲ್ಲೇ.

ಮೂರನೆಯದು ರಾಬರ್ಟ್ ಲೆವಿನ್, ಗಾರ್ಡಿನರ್ ನಡೆಸಿದ ಆರ್ಕೆಸ್ಟ್ರಾ ಜೊತೆ, ಬೆಥೋವನ್ ಕಾಲದ ಥರದ ಫೋರ್ಟೆಪಿಯಾನೊದಲ್ಲಿ, ಅಂದರೆ ಪಿಯಾನೊದ ಹಳೆಯ ರೂಪದಲ್ಲಿ. ನಾದ ಸಣ್ಣದು, ಬೇಗ ಆರಿಹೋಗುತ್ತದೆ. ಇದನ್ನೇ ಮೊದಲು ಕೇಳಿದರೆ ನಿರಾಸೆಯಾದೀತು, ಮಿಕ್ಕ ಎರಡು ಕಿವಿಯಲ್ಲಿ ಕೂತ ಮೇಲೆ ಕೇಳಿ.

ಇನ್ನು ಮಹಾರಾಜರ ವಿಷಯ. ನಿಜವೇ. ಜಯಚಾಮರಾಜ ಒಡೆಯರ್ ಅವರಿಗೆ ರಷ್ಯಾದ ನಿಕೊಲಾಯ್ ಮೆಡ್ನರ್ ಅವರ ಸಂಗೀತ ಅಂದರೆ ಪ್ರಾಣ. ಲಂಡನ್ನಿನಲ್ಲಿ ನೆಲೆಸಿದ್ದ ಅವರ ಕೃತಿಗಳ ರೆಕಾರ್ಡಿಂಗ್‌ಗೆ ಮಹಾರಾಜರೇ ಹಣ ಕೊಟ್ಟರು. ಮೆಡ್ನರ್ ತಮ್ಮ ಮೂರನೇ ಕಾನ್ಚೆರ್ಟೊವನ್ನು ಮಹಾರಾಜರಿಗೆ ಅರ್ಪಿಸಿದರು. 1947ರಲ್ಲಿ ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾ ಜೊತೆ ಮೆಡ್ನರ್ ಅವರೇ ಕೂತು ನುಡಿಸಿದ್ದು ಇವತ್ತಿಗೂ ಸಿಗುತ್ತದೆ. ಧ್ವನಿ ಹಳೆಯದು, ಹಳೇ ರೇಡಿಯೊ ಕೇಳಿದ ಹಾಗೆ. ಅದಕ್ಕೇ ಮೊದಲು ನಿಕೊಲಾಯ್ ಡೆಮಿಡೆಂಕೊ ನುಡಿಸಿದ್ದನ್ನು ಕೇಳಿ ಕೃತಿಯ ಪರಿಚಯ ಮಾಡಿಕೊಳ್ಳಿ. ಆಮೇಲೆ ಮೆಡ್ನರ್ ಅವರದೇ ಹಾಕಿ, ಹೆಡ್‌ಫೋನ್ ಇಟ್ಟುಕೊಂಡು, ರಾತ್ರಿ ಊಟವಾದ ಮೇಲೆ.